ಬೆಂಗಳೂರಿನ ನೀರು: ಅಡಚಣೆ ಎಲ್ಲಿದೆ?

ಬೆಂಗಳೂರಿನ ಹೊರವಲಯದಲ್ಲಿ ನಮ್ಮಲ್ಲಿ ಅನೇಕರಿಗೆ ನಿವೇಶನವಿದೆ, ಕೆಲವರಿಗೆ ವಯಸ್ಸಾದ ತಂದೆ-ತಾಯಿಯರಿದ್ದಾರೆ. ಬೇಸಿಗೆ ಬಂತೆಂದರೆ ಫೋನಿನಲ್ಲಿ ಟ್ಯಾಂಕರ್ ನೀರಿನದೇ ಮಾತು. "ಇನ್ನೊಂದು ಅಣೆಕಟ್ಟು ಕಟ್ಟಿದರೆ ಸರಿಹೋಗುತ್ತೆ" ಎಂದು ನಾವು ಇಲ್ಲಿ ಕುಳಿತು ತೀರ್ಪು ಕೊಟ್ಟುಬಿಡುತ್ತೇವೆ. ಇತಿಹಾಸ ಹೇಳುವುದೇ ಬೇರೆ.

ರೋಗಿಯ ಕಾಲು ತಣ್ಣಗಿದ್ದರೆ ವೈದ್ಯರಾದ ನಾವು ಮೂರು ವಿಷಯ ನೋಡುತ್ತೇವೆ: ರಕ್ತ ಸಾಕಷ್ಟಿದೆಯೇ, ಹೃದಯ ಒತ್ತುತ್ತಿದೆಯೇ, ನಾಳ ಕಟ್ಟಿದೆಯೇ? ಊರಿನ ನೀರಿಗೂ ಇದೇ ಪರೀಕ್ಷೆ ಸಲ್ಲುತ್ತದೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರಲ್ಲಿ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ನಗರಕ್ಕೆ ನಲ್ಲಿ ನೀರು ಬಂತು. ಸೋಲದೇವನಹಳ್ಳಿಯ ಉಗಿಯಂತ್ರಗಳು ಅದನ್ನು ಮೇಲೆತ್ತುತ್ತಿದ್ದವು. ಯಂತ್ರವಿದ್ದರೂ ಮಳೆ ಕೈಕೊಟ್ಟರೆ ಕೆರೆಯೇ ಬರಿದು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಆದರೆ ಅದೂ ಅರ್ಕಾವತಿಯದೇ, ಅದೇ ಮಳೆಯನ್ನೇ ನಂಬಿದ್ದು. ಆಗ ಕೊರತೆ ಇದ್ದದ್ದು ಮೂಲದಲ್ಲೇ.

1974ರಲ್ಲಿ ಕಾವೇರಿ ಬಂದಳು. ಮೊದಲ ಹಂತದಲ್ಲಿ ದಿನಕ್ಕೆ 13.5 ಕೋಟಿ ಲೀಟರ್. ನದಿ ದೊಡ್ಡದು, ದಾರಿ ಕಠಿಣ. ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಬೇಕು. ಒಂದು ಕಡೆ ವಿದ್ಯುತ್ ಹೋದರೂ ಇಡೀ ಸರಪಳಿ ನಿಲ್ಲುತ್ತದೆ. ಆ ಮೇಲೆ ಎಷ್ಟು ನೀರು ಬರಬೇಕೆಂದು ನಿರ್ಧರಿಸಿದ್ದು ನದಿಯಷ್ಟೇ ಅಲ್ಲ, ಪಂಪು, ಕೊಳವೆ ಮತ್ತು ವಿದ್ಯುತ್ತಿನ ಬಿಲ್ಲು. ಒಂದೊಂದೇ ಹಂತ ಸೇರಿ, 2012ರಲ್ಲಿ ನಾಲ್ಕನೆಯದು ಪೂರ್ಣಗೊಂಡಾಗ, ಪ್ರಮಾಣ ಸುಮಾರು 145 ಕೋಟಿ ಲೀಟರ್‌ಗೆ ಏರಿತ್ತು.

ಅಷ್ಟಾದರೂ 2024ರ ಬೇಸಿಗೆಯಲ್ಲಿ ಜನ ಬಿಂದಿಗೆ ಹಿಡಿದು ನಿಂತರು. ಹೆಚ್ಚು ಬವಣೆಪಟ್ಟವರು ಯಾರು? 2007ರಲ್ಲಿ ಮಹಾನಗರಕ್ಕೆ ಸೇರಿದ 110 ಹಳ್ಳಿಗಳ ಕಡೆಯವರು. ಅಲ್ಲಿ ಬಹುಪಾಲು ಮನೆಗಳು ಕೊಳವೆಬಾವಿಯನ್ನೇ ನಂಬಿದ್ದವು, ಅವು ಬತ್ತಿದವು. ಹಳೆಯ ಬಡಾವಣೆಗಳಿಗೆ ಕಾವೇರಿ ಬರುತ್ತಲೇ ಇತ್ತು. ಈ ಸಲ ಅಡಚಣೆ ಇದ್ದದ್ದು ನಾಳದ ತುದಿಯಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಈ ಹಳ್ಳಿಗಳಿಗಾಗಿಯೇ ದಿನಕ್ಕೆ 77.5 ಕೋಟಿ ಲೀಟರ್‌ನ ಐದನೆಯ ಹಂತ ಉದ್ಘಾಟನೆಯಾಯಿತು. ಆದರೆ ದೊಡ್ಡ ಕೊಳವೆ ಊರ ಬಾಗಿಲಿಗೆ ಬಂದ ಮಾತ್ರಕ್ಕೆ ಮನೆಯ ಕೊಡ ತುಂಬದು. ಬೀದಿಯ ಕೊಳವೆ ಬೇಕು, ಮನೆಗೆ ಸಂಪರ್ಕ ಬೇಕು, ದಾರಿಯಲ್ಲಿ ಸೋರಿಕೆ ನಿಲ್ಲಬೇಕು.

ಮೂಲ, ಪಂಪು, ನಾಳ: ಒಂದನ್ನು ಸರಿಪಡಿಸಿದರೆ ಕೊರತೆ ಮುಂದಿನದಕ್ಕೆ ಜಾರುತ್ತದೆ. ಆದ್ದರಿಂದ ಊರಿನಲ್ಲಿ ನಿವೇಶನ ಕೊಳ್ಳುವ ಸದಸ್ಯ ಬಂಧುಗಳು "ಕಾವೇರಿ ನೀರು ಇದೆ" ಎಂಬ ಮಾತಿಗೇ ತೃಪ್ತರಾಗದೆ, ಆ ಬೀದಿಯಲ್ಲಿ ಕೊಳವೆ ಹಾಕಿದ್ದಾರೆಯೇ, ವಾರಕ್ಕೆಷ್ಟು ದಿನ ನೀರು ಬಿಡುತ್ತಾರೆ ಎಂದು ನೆರೆಮನೆಯವರನ್ನೇ ವಿಚಾರಿಸುವುದು ಒಳ್ಳೆಯದು.