ಪೀಣ್ಯಕ್ಕೂ ಬ್ಯಾಲಾಳಿಗೂ ನಡುವೆ

1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ ಆಕಾಶಕ್ಕೇರಿದ ಆರ್ಯಭಟ ಉಪಗ್ರಹದ ತವರುಮನೆ ಬೆಂಗಳೂರಿನ ಪೀಣ್ಯ. ಉಡುಪಿ ಕಡೆಯ ಯು.ಆರ್. ರಾವ್ ಮತ್ತವರ ತಂಡ ಸಣ್ಣ ಕೈಗಾರಿಕೆಗಳಿಗೆಂದು ಕಟ್ಟಿದ್ದ ಶೆಡ್ಡುಗಳನ್ನು ಹಿಡಿದು, ಅಲ್ಲೇ 360 ಕಿಲೊ ತೂಕದ ದೇಶದ ಮೊದಲ ಉಪಗ್ರಹವನ್ನು ಕಟ್ಟಿ ನಿಲ್ಲಿಸಿತು. ಮುಂದೆ ಅದರ ಚಿತ್ರ ಎರಡು ರೂಪಾಯಿ ನೋಟಿನ ಹಿಂಬದಿಗೂ ಬಂತು. ಪೀಣ್ಯದಿಂದ ಯಶವಂತಪುರ ದಾಟಿ ದಕ್ಷಿಣಕ್ಕೆ ಇಳಿದರೆ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ. ಅಲ್ಲಿಂದ ಮೈಸೂರು ರಸ್ತೆ ಹಿಡಿದರೆ ಕೆಂಗೇರಿ. ಇನ್ನೂ ಪಶ್ಚಿಮಕ್ಕೆ ಹೋದರೆ, ರಾಗಿ ಹೊಲಗಳ ನಡುವೆ, ಬ್ಯಾಲಾಳು ಎಂಬ ಹಳ್ಳಿ. ಚಂದ್ರಯಾನ-1ರ ಮಾತು ಕೇಳಿಸಿಕೊಳ್ಳಲೆಂದು 2008ರಲ್ಲಿ ಇಲ್ಲಿ 32 ಮೀಟರ್ ವ್ಯಾಸದ ಆಂಟೆನಾ ಎದ್ದಿತು.

ಆಕಾಶದ ಕೆಲಸ ಇಷ್ಟು ಹತ್ತಿರ ನಡೆದ ಈ ಬಡಾವಣೆಗಳಲ್ಲಿ ಆಕಾಶದ ಕಥೆಗಳು ಓದುಗರ ಕೈಗೆ ಹೇಗೆ ಬಂದವು? ಪುಸ್ತಕದಂಗಡಿಗಳಲ್ಲಿ ಅವಕ್ಕೆಂದೇ ಒಂದು ಕಪಾಟು ಇರಲಿಲ್ಲ. ಕನ್ನಡದ ವೈಜ್ಞಾನಿಕ ಕಾದಂಬರಿ ಉಳಿದುಬಂದದ್ದು ಒಬ್ಬ ಓದುಗ ಇನ್ನೊಬ್ಬನಿಗೆ ‘ಇದು ಓದಿ ನೋಡಿ’ ಅಂದದ್ದರಿಂದ.

ರಾಜಾಜಿಯವರ ಹೆಸರು ಹೊತ್ತ ರಾಜಾಜಿನಗರ ಬೆಳೆದದ್ದೇ ಕೈಗಾರಿಕಾ ಉಪನಗರದ ಮಗ್ಗುಲಲ್ಲಿ. ಕಾರ್ಖಾನೆ ನೌಕರರು, ಗುಮಾಸ್ತರು, ಮೇಷ್ಟ್ರುಗಳು ಇದ್ದ ಕಡೆ ಪುಸ್ತಕ ಕೊಳ್ಳುವ ದುಡ್ಡು ಕಡಿಮೆ, ಓದುವ ಹಸಿವು ಹೆಚ್ಚು. ಆ ಹಸಿವನ್ನು ತಣಿಸಿದ್ದು ಸರ್ಕ್ಯುಲೇಟಿಂಗ್ ಲೈಬ್ರರಿಗಳು. ಮನೆಯ ಮುಂದಿನ ಕೋಣೆಗೆ ರೋಲಿಂಗ್ ಷಟರ್ ಹಾಕಿಸಿ, ಮೂರು ಗೋಡೆಗೂ ಕಬ್ಬಿಣದ ರ‍್ಯಾಕು ನಿಲ್ಲಿಸಿದರೆ ಲೈಬ್ರರಿ ತಯಾರು. ಸೇರುವಾಗ ಡಿಪಾಸಿಟ್, ಆಮೇಲೆ ತಿಂಗಳ ಚಂದಾ, ಇಲ್ಲವೇ ಪುಸ್ತಕಕ್ಕೆ ದಿನದ ಬಾಡಿಗೆ. ಪೇಪರ್‌ಬ್ಯಾಕ್ ಕಾದಂಬರಿ ನಾಲ್ಕು ಮನೆ ಸುತ್ತುವಷ್ಟರಲ್ಲಿ ಹಾಳೆ ಉದುರುತ್ತದೆಂದು, ಬಂದ ದಿನವೇ ಅದಕ್ಕೆ ದಪ್ಪ ರಟ್ಟಿನ ಬೈಂಡು ಬೀಳುತ್ತಿತ್ತು. ಬೈಂಡಾದ ಮೇಲೆ ಮುಖಪುಟದ ಚಿತ್ರವೂ ಇಲ್ಲ, ಬೆನ್ನುಡಿಯೂ ಇಲ್ಲ. ಬೆನ್ನ ಮೇಲೆ ಕೈಬರಹದ ನಂಬರು, ಹೆಸರು, ಅಷ್ಟೆ. ಹಾಗಾಗಿ ಒಳಗೇನಿದೆ ಎಂದು ತಿಳಿಯಬೇಕಾದರೆ ಯಾರನ್ನಾದರೂ ಕೇಳಲೇಬೇಕಿತ್ತು.

ಕೇಳಿದರೆ ಹೇಳುವವರು ಲೈಬ್ರರಿಯ ಯಜಮಾನರು. ಲೆಡ್ಜರಿನಲ್ಲಿ ಪ್ರತಿ ಸದಸ್ಯರಿಗೂ ಒಂದು ಪುಟ, ಆ ಪುಟದಲ್ಲಿ ಅವರು ವರ್ಷಗಟ್ಟಲೆ ಒಯ್ದ ಪುಸ್ತಕಗಳ ನಂಬರು. ಯಾರಿಗೆ ತ್ರಿವೇಣಿಯವರ ಕಾದಂಬರಿ ಬೇಕು, ಯಾರಿಗೆ ಉಷಾ ನವರತ್ನರಾಂ ಅವರದು, ಯಾರ ಮನೆಯ ಹುಡುಗ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಮುಗಿಸಿ ಬೇರೆ ಹುಡುಕುತ್ತಿದ್ದಾನೆ, ಎಲ್ಲ ಅವರ ಬಾಯಲ್ಲೇ ಇರುತ್ತಿತ್ತು. ‘ಸಾಯಿಸುತೆ ಹೊಸದು ಬಂದಿದೆ ಅಕ್ಕಾ, ನಿಮಗೇ ಎತ್ತಿಟ್ಟಿದ್ದೀನಿ’ ಅನ್ನುವ ಮಾತಿನಲ್ಲಿ ವ್ಯಾಪಾರವೂ ಇತ್ತು, ಅಕ್ಕರೆಯೂ ಇತ್ತು. ಅನುಭವವಿದ್ದ ಸದಸ್ಯರು ಮಾತ್ರ ರ‍್ಯಾಕಿನ ಕಡೆ ನೋಡದೆ ನೇರ ಮೇಜಿನ ಮೇಲಿನ ಗುಡ್ಡೆಗೆ ಕೈ ಹಾಕುತ್ತಿದ್ದರು. ಅದು ಆವತ್ತು ವಾಪಸು ಬಂದ ಪುಸ್ತಕಗಳ ಗುಡ್ಡೆ. ಬೀದಿಯವರು ಏನು ಓದುತ್ತಿದ್ದಾರೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ ಗುರುತುಗಳೂ ಇರುತ್ತಿದ್ದವು. ಓದಿದ್ದನ್ನೇ ಮತ್ತೆ ಒಯ್ಯಬಾರದೆಂದು ಒಬ್ಬರು ಹಾಕಿದ ಸೊನ್ನೆ, ಇನ್ನೊಬ್ಬರು ಹಾಕಿದ ನಕ್ಷತ್ರ, ಪಕ್ಕದಲ್ಲಿ ‘ಚೆನ್ನಾಗಿದೆ’ ಎಂಬ ಒಂದು ಪದ. ಕನ್ನಡದ ಪುಸ್ತಕ ವಿಮರ್ಶೆಯಲ್ಲಿ ಇಷ್ಟು ಚುಟುಕಾದದ್ದೂ ಇಷ್ಟು ಪ್ರಾಮಾಣಿಕವಾದದ್ದೂ ಬೇರೆ ಇಲ್ಲ.

ಅಮೆರಿಕದಲ್ಲಿ ಹ್ಯೂಗೊ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲ್‌ನಲ್ಲಿ ‘ಅಮೇಝಿಂಗ್ ಸ್ಟೋರೀಸ್’ ಪತ್ರಿಕೆ ಶುರುಮಾಡಿದಾಗ, ಓದುಗರ ಪತ್ರಗಳನ್ನು ಅವರ ವಿಳಾಸದ ಸಮೇತ ಅಚ್ಚುಹಾಕಿದ. ಆ ವಿಳಾಸ ಹಿಡಿದು ಓದುಗರು ಒಬ್ಬರಿಗೊಬ್ಬರು ಬರೆದರು, ಸೇರಿದರು, ಸಂಘ ಕಟ್ಟಿದರು. ಪಶ್ಚಿಮ ಬೆಂಗಳೂರಿನಲ್ಲಿ ಆ ಕೆಲಸವನ್ನು ಅಷ್ಟಿಷ್ಟು ಮಾಡಿದ್ದು ಲೈಬ್ರರಿಯ ಮೇಜೇ. ಆದರೆ ಅಲ್ಲಿ ಸಂಘ ಕಟ್ಟುವಷ್ಟು ವೈಜ್ಞಾನಿಕ ಕಾದಂಬರಿಗಳೇ ಇರಲಿಲ್ಲ. ಇದ್ದ ಕೆಲವು ಪತ್ತೇದಾರಿಗಳ ನಡುವೆ ಕೂತಿದ್ದವು.

ಹಾಗೆ ಕೂತವರಲ್ಲಿ ಮೊದಲು ನೆನೆಯಬೇಕಾದವರು ರಾಜಶೇಖರ ಭೂಸನೂರಮಠ. ‘ಮನ್ವಂತರ’, ‘ಆಪರೇಷನ್ ಯುಎಫ್‌ಓ’ ಎಂಬ ಹೆಸರುಗಳನ್ನು ಕೇಳಿದರೆ ಇವತ್ತಿಗೂ ಹಳೆಯ ಓದುಗರ ಕಣ್ಣು ಅರಳುತ್ತದೆ. ಕನ್ನಡದಲ್ಲಿ ಬಿಡದೆ, ನಂಬಿಕೆಯಿಟ್ಟು ಈ ಪ್ರಕಾರದಲ್ಲೇ ಬರೆದವರು ಅವರು. ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಬಾಳ ಫೊಂಡ್ಕೆಯವರ ಸಂಪಾದಕತ್ವದಲ್ಲಿ ಭಾರತೀಯ ಭಾಷೆಗಳ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನ ‘ಇಟ್ ಹ್ಯಾಪನ್ಡ್ ಟುಮಾರೊ’ ತಂದಾಗ ಕನ್ನಡದಿಂದ ಅದರೊಳಗೆ ಹೋದದ್ದು ಭೂಸನೂರಮಠರ ಕಥೆ ಮತ್ತು ಸಂಜಯ ಹಾವನೂರರ ಕಥೆ. ಮರಾಠಿಯ ಜಯಂತ ನಾರ್ಳೀಕರ್, ತಮಿಳಿನ ಸುಜಾತ ಇದ್ದ ಪಂಕ್ತಿಯದು.

ಇನ್ನೊಬ್ಬರು ‘ಮನು’ ಎಂಬ ಹೆಸರಲ್ಲಿ ಬರೆದ ಪಿ.ಎನ್. ರಂಗನ್. ಅವರ ‘ಮಹಾಸಂಪರ್ಕ’ ಮಹಾಭಾರತವನ್ನೇ ಅನ್ಯಗ್ರಹದವರೊಡನೆ ನಡೆದ ಸಂಪರ್ಕದ ಕಥೆಯಾಗಿ ಓದುವ ಬೃಹತ್ ಕಾದಂಬರಿ. ಪುರಾಣದ ದೇವತೆಗಳು ಅನ್ಯಗ್ರಹದವರೇ ಎಂದು 1968ರಲ್ಲಿ ಎರಿಕ್ ವಾನ್ ಡ್ಯಾನಿಕೆನ್ ಹೊತ್ತಿಸಿದ ಕಿಡಿ ಜಗತ್ತೆಲ್ಲ ಹಬ್ಬಿದ್ದ ಕಾಲಕ್ಕೆ ಸೇರಿದ ಕಲ್ಪನೆ ಇದು. ಇತ್ತ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೇ ರಚಿಸಿದ್ದರು. ಕೆಂಗೇರಿ ದಾರಿಯಲ್ಲಿರುವ ಆ ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಪವಾಡಕ್ಕೆ ಪುರಾವೆ ಕೇಳುವ ಮನಸ್ಸು, ಲೈಬ್ರರಿಯ ರ‍್ಯಾಕಿನಲ್ಲಿ ಪುರಾಣಕ್ಕೆ ಆಕಾಶನೌಕೆ ಹೂಡುವ ಮನಸ್ಸು. ಎರಡೂ ಒಂದೇ ಊರಿನವು. ಡ್ಯಾನಿಕೆನ್ ಅನ್ಯಗ್ರಹದವರ ಕಲ್ಪನೆಯನ್ನು ಇತಿಹಾಸವೆಂದು ಮಾರಿದ. ಮನು ಕಾದಂಬರಿಯೆಂದೇ ಕೊಟ್ಟರು, ಆ ವ್ಯತ್ಯಾಸ ಸಣ್ಣದಲ್ಲ.

ಹೆಸರೂ ಒಂದು ತೊಡಕಾಗಿತ್ತು. ‘ವೈಜ್ಞಾನಿಕ ಕಾದಂಬರಿ’ ಎಂದರೆ ಪಾಠದ ವಾಸನೆ. ವಿಜ್ಞಾನವನ್ನು ಕನ್ನಡಕ್ಕೆ ತರುವುದು ಮನೆಮನೆಗೆ ದೀಪ ಹಚ್ಚುವ ಕೆಲಸವೆಂದು ನಂಬಿದ ನಾಡು ಇದು. ಶಿವರಾಮ ಕಾರಂತರ ‘ಬಾಲ ಪ್ರಪಂಚ’, ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ದಿಂದ ಹಿಡಿದು ‘ಬಾಲವಿಜ್ಞಾನ’ ಮಾಸಪತ್ರಿಕೆಯವರೆಗೆ ಎಲ್ಲವೂ ತಿಳಿಸುವ ಬರಹ. ಕಥೆ ಬಯಸಿದವರು ಆ ಹೆಸರು ಕಂಡು ಹಿಂಜರಿದರು, ವಿಜ್ಞಾನ ಬಯಸಿದವರು ಅದರಲ್ಲಿನ ಕಲ್ಪನೆ ಕಂಡು ಮುಖ ತಿರುಗಿಸಿದರು.

ನಡುವೆ ಸೇತುವೆಯಾದದ್ದು ಪತ್ರಿಕೆಗಳು. ಹುಬ್ಬಳ್ಳಿಯಿಂದ 1956ರಲ್ಲಿ ಹೊರಟ ‘ಕಸ್ತೂರಿ’, ಪಾ.ವೆಂ. ಆಚಾರ್ಯರ ಸಂಪಾದಕತ್ವದಲ್ಲಿ, ಪ್ರತಿ ಸಂಚಿಕೆಯ ಕೊನೆಗೆ ಒಂದು ಇಡೀ ಪುಸ್ತಕವನ್ನು ಸಂಗ್ರಹಿಸಿ ಕೊಡುತ್ತಿತ್ತು. ಇಂಗ್ಲಿಷ್ ಓದಲಾಗದ ಮನೆಗೂ ಜಗತ್ತಿನ ಪುಸ್ತಕ ಆ ‘ಪುಸ್ತಕ ವಿಭಾಗ’ದಿಂದ ಬಂತು. ‘ಸುಧಾ’ (1965), ‘ತರಂಗ’ (1983) ವಾರಪತ್ರಿಕೆಗಳ ಧಾರಾವಾಹಿಗಳನ್ನು ಕತ್ತರಿಸಿ, ಸೂಜಿದಾರದಲ್ಲಿ ಹೊಲಿದು, ಹಳೆ ಕ್ಯಾಲೆಂಡರಿನ ಹಾಳೆ ಹೊದಿಸಿ ಇಟ್ಟುಕೊಂಡ ಮನೆಗಳು ಈ ಬಡಾವಣೆಗಳಲ್ಲಿ ಲೆಕ್ಕವಿಲ್ಲದಷ್ಟು. ಇಂದ್ರಜಾಲ ಕಾಮಿಕ್ಸಿನ ಕನ್ನಡ ಆವೃತ್ತಿ ಮಕ್ಕಳಿಗೆ ಫ್ಲ್ಯಾಶ್ ಗಾರ್ಡನ್‌ನ ಪರಿಚಯ ಮಾಡಿಸಿತು. ದೂರದರ್ಶನದ ‘ಸ್ಟಾರ್ ಟ್ರೆಕ್’ ಬೆಳಗುಗಳು ಆಮೇಲೆ ಬಂದವು.

ಪುಸ್ತಕಕ್ಕೂ ಓದುಗನಿಗೂ ಗಂಟುಹಾಕುವುದನ್ನು ಒಂದು ಶಾಸ್ತ್ರವನ್ನಾಗಿ ಮಾಡಿದ ಎಸ್.ಆರ್. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲೇ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು 1931ರಲ್ಲಿ ಅವರು ಹಾಕಿಕೊಟ್ಟ ಐದು ಸೂತ್ರಗಳಲ್ಲಿ ಎರಡು. 1962ರಲ್ಲಿ ಅವರು ಇಲ್ಲಿ ಆರಂಭಿಸಿದ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿ ಕೇಂದ್ರ ಈಗ ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿದೆ, ಕೆಂಗೇರಿಗೆ ಹೋಗುವ ಬಸ್ಸಿನ ದಾರಿಯಲ್ಲೇ. ಆದರೆ ಪುಸ್ತಕಗಳನ್ನು ಜೋಡಿಸಲು ಅವರು ರೂಪಿಸಿದ ಕೋಲನ್ ವರ್ಗೀಕರಣದಲ್ಲಿ ಸಾಹಿತ್ಯ ಹಂಚಿಹೋಗುವುದು ಭಾಷೆ, ಪ್ರಕಾರ, ಲೇಖಕ ಎಂಬ ಕ್ರಮದಲ್ಲಿ. ಕಾದಂಬರಿ ಕಾದಂಬರಿಯೇ, ಅದು ಮಂಗಳ ಗ್ರಹದಲ್ಲಿ ನಡೆದರೂ ಮಲೆನಾಡಿನಲ್ಲಿ ನಡೆದರೂ ಒಂದೇ ಕಪಾಟು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಡಿ, ಮನೆ ಕಂದಾಯದ ಜೊತೆ ಕಟ್ಟುವ ಗ್ರಂಥಾಲಯ ಕರದಿಂದ ನಡೆಯುವ ನಗರದ ಗ್ರಂಥಾಲಯಗಳಲ್ಲೂ ಬಾಹ್ಯಾಕಾಶದ ಕಥೆ ಬಯಸಿದವರು ಲೇಖಕರ ಹೆಸರು ತಿಳಿದೇ ಹೋಗಬೇಕು.

1990ರ ದಶಕದಲ್ಲಿ ಕೇಬಲ್ ಟಿವಿ ಬಂತು, ಅಂಗಡಿ ಬಾಡಿಗೆ ಏರಿತು. ಲೈಬ್ರರಿಗಳ ರೋಲಿಂಗ್ ಷಟರ್ ಒಂದೊಂದಾಗಿ ಇಳಿದು, ಅದೇ ಜಾಗದಲ್ಲಿ ಎಸ್‌ಟಿಡಿ ಬೂತು, ಆಮೇಲೆ ಮೊಬೈಲ್ ರೀಚಾರ್ಜ್ ಅಂಗಡಿ ತೆರೆದವು. ಬೈಂಡಾದ ಪುಸ್ತಕಗಳು ತೂಕದ ಲೆಕ್ಕದಲ್ಲಿ ಹೋದವು. ಭೂಸನೂರಮಠರ ಹಳೆಯ ಪ್ರತಿಗಳಿಗಾಗಿ ಓದುಗರು ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ತಡಕಾಡುವಂತಾದದ್ದು ಕನ್ನಡದ ದೊಡ್ಡ ನಷ್ಟಗಳಲ್ಲೊಂದು.

ಆದರೂ ಶಿಫಾರಸು ನಿಲ್ಲಲಿಲ್ಲ. ಈಗ ಕೇಳುವವರಿಗೆ ಹಳೆಯ ಯಜಮಾನರ ಹಾಗೆ ಎತ್ತಿಕೊಡಬಹುದಾದ ಮೂರು ಪುಸ್ತಕಗಳಿವೆ.

ಮೊದಲನೆಯದು ಹೊಸದಲ್ಲ, ಆದರೆ ಬಾಗಿಲು ಅದೇ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980). ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿ, ರೈತ, ಜೇನು ಹಿಡಿಯುವ ಮಂದಣ್ಣ. ವಿಕಾಸದ ಕೋಟ್ಯಂತರ ವರ್ಷಗಳು ಒಂದು ಕಾಡಿನ ಅಂಚಿಗೆ ಬಂದು ನಿಲ್ಲುವ ಆ ಕೊನೆ, ಬಾಹ್ಯಾಕಾಶದ ಹೆಸರೇ ಎತ್ತದೆ, ಈ ಪ್ರಕಾರ ಕೊಡಬೇಕಾದ ಬೆರಗನ್ನೆಲ್ಲ ಕೊಡುತ್ತದೆ.

ಎರಡನೆಯದು ಎಸ್.ಎಲ್. ಭೈರಪ್ಪನವರ ‘ಯಾನ’ (2014). ಸೌರವ್ಯೂಹ ದಾಟಿ ಹೊರಟ ನೌಕೆ, ಭೂಮಿಯನ್ನೇ ಕಾಣದೆ ಅದರೊಳಗೇ ಹುಟ್ಟಿ ಬೆಳೆದ ಆಕಾಶ್ ಮತ್ತು ಮೇದಿನಿ, ತಂದೆತಾಯಿ ಬರೆದಿಟ್ಟ ಹಾಳೆಗಳಿಂದಲೇ ಅವರು ತಮ್ಮ ಹುಟ್ಟಿನ ಕಥೆ ತಿಳಿಯುವುದು. ಮಂಗಳಯಾನ ತನ್ನ ಕಕ್ಷೆ ಸೇರಿದ್ದೂ, ಅದರ ಸಂಕೇತಗಳಿಗೆ ಬ್ಯಾಲಾಳು ಕಿವಿಗೊಟ್ಟದ್ದೂ ಅದೇ ವರ್ಷ. ಲಕ್ಷಾಂತರ ಕನ್ನಡಿಗರು ಪ್ರೀತಿಸುವ ಲೇಖಕ ವೈಜ್ಞಾನಿಕ ಕಾದಂಬರಿ ಬರೆದರೂ ಓದುಗರು ಅದನ್ನು ಭೈರಪ್ಪನವರ ಇನ್ನೊಂದು ಕಾದಂಬರಿಯೆಂದೇ ಓದಿದರು. ಚರ್ಚೆ ನಡೆದದ್ದು ದಾಂಪತ್ಯ, ಧರ್ಮಗಳ ಸುತ್ತ. ಆ ನೌಕೆಯ ಏಕಾಂತವನ್ನು, ಹಿಂತಿರುಗಲಾಗದ ಪಯಣದ ಭಾರವನ್ನು ಮತ್ತೊಮ್ಮೆ ಓದಬೇಕು. ಅದರ ಬಲ ಇರುವುದು ಅಲ್ಲಿ.

ಮೂರನೆಯದು ಇಂಗ್ಲಿಷಿನಲ್ಲಿ ಬಂದ ಬೆಂಗಳೂರಿನದೇ ಕಥೆ. ಲಾವಣ್ಯ ಲಕ್ಷ್ಮೀನಾರಾಯಣ್ ಅವರ ‘ಅನಲಾಗ್/ವರ್ಚುವಲ್’ 2020ರಲ್ಲಿ ಭಾರತದಲ್ಲಿ ಪ್ರಕಟವಾಯಿತು. 2023ರಲ್ಲಿ ‘ದಿ ಟೆನ್ ಪರ್ಸೆಂಟ್ ಥೀಫ್’ ಎಂಬ ಹೆಸರಲ್ಲಿ ಹೊರದೇಶಕ್ಕೆ ಹೋಗಿ, ಮರುವರ್ಷ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿ ಸೇರಿತು. ಅದರಲ್ಲಿ ಬೆಂಗಳೂರು ಬೆಂಗಳೂರಾಗಿ ಉಳಿದಿಲ್ಲ, ಏಪೆಕ್ಸ್ ಸಿಟಿ ಆಗಿದೆ. ಬೆಲ್ ಎಂಬ ಕಂಪನಿ ಊರನ್ನು ಆಳುತ್ತದೆ. ದುಡಿಮೆಯ ಅಂಕ ನೋಡಿ ಶೇಕಡಾ ಮೇಲಿನ ಇಪ್ಪತ್ತು, ನಡುವಿನ ಎಪ್ಪತ್ತು, ಕೆಳಗಿನ ಹತ್ತು ಎಂದು ಜನರನ್ನು ಪಾಲುಮಾಡುತ್ತದೆ. ಕೆಳಗಿನ ಹತ್ತು ಪಾಲಿಗೆ ವಿದ್ಯುತ್ ಬೇಲಿಯಾಚೆಯ ಕತ್ತಲೆ. ಕಾರ್ಖಾನೆಯ ಸೈರನ್ನಿಗೆ ಎದ್ದ ರಾಜಾಜಿನಗರದವರಿಗೆ, ಅಪ್ರೈಸಲ್ ಭಯದಲ್ಲಿ ನಿದ್ದೆಗೆಟ್ಟ ಅವರ ಮೊಮ್ಮಕ್ಕಳಿಗೆ ಇದರ ನೋವು ಬಿಡಿಸಿ ಹೇಳಬೇಕಿಲ್ಲ. ಕನ್ನಡದ ಮಾತಿಗೆ ಸುಲಭವಾಗಿ ಒಗ್ಗುವ ಪುಸ್ತಕವಿದು.

ಒಂದೇ ಊರಿನ ಹಲವು ಬಿಡಿ ಕಥೆಗಳನ್ನು ಪೋಣಿಸಿ ಕಟ್ಟಿದ ಕಾದಂಬರಿಯಾದ್ದರಿಂದ ದಾರಿಯಲ್ಲಿ ಓದಲು ಹದವಾಗಿದೆ. ವಿಜಯನಗರಕ್ಕೆ 2015ರ ನವೆಂಬರಿನಲ್ಲಿ, ಕೆಂಗೇರಿಗೆ 2021ರ ಆಗಸ್ಟಿನಲ್ಲಿ ಬಂದ ನೇರಳೆ ಮೆಟ್ರೊ ಹತ್ತಿ ಕೂತರೆ, ಜ್ಞಾನಭಾರತಿ ಕಳೆದು ಕೆಂಗೇರಿಯಲ್ಲಿ ಇಳಿಯುವಷ್ಟರಲ್ಲಿ ಒಂದು ಕಥೆ ಮುಗಿಯುತ್ತದೆ.