ಪೊಲೀಸರು ಮನೆಯ ಹೊಸ್ತಿಲು ದಾಟುವಾಗ

ಪೊಲೀಸರು ಮನೆ ಶೋಧಿಸುವುದಕ್ಕೆ ನೇರವಾಗಿ ಮಿತಿ ಹಾಕುವ ವಿಧಿ ಭಾರತದ ಸಂವಿಧಾನದಲ್ಲಿಲ್ಲ. ಇದು ಮರೆತು ಬಿಟ್ಟುಹೋದದ್ದಲ್ಲ. 1947ರಲ್ಲಿ ಮೂಲಭೂತ ಹಕ್ಕುಗಳ ಕರಡು ಸಿದ್ಧವಾಗುವಾಗ ಅಂಬೇಡ್ಕರ್ ಮತ್ತು ಕೆ.ಎಂ. ಮುನ್ಷಿ ಇಬ್ಬರೂ ಮನೆಗೆ ರಕ್ಷಣೆ ಬೇಕೆಂದಿದ್ದರು. ಸಂವಿಧಾನ ಸಲಹೆಗಾರರಾಗಿದ್ದ ಮಂಗಳೂರಿನ ಬಿ.ಎನ್. ರಾವ್ ಹಾಗೂ ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಇದಕ್ಕೆ ಒಪ್ಪಲಿಲ್ಲ. ತನಿಖೆಗೆ ಅಡ್ಡಿಯಾದೀತು ಎಂಬುದು ರಾವ್ ಅವರ ಆತಂಕ. ಕೊನೆಗೆ ಆ ಹಕ್ಕು ಕೈಬಿಟ್ಟುಹೋಯಿತು.

1954ರ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಇದನ್ನೇ ಎತ್ತಿ ಹೇಳಿದರು: ಸಂವಿಧಾನ ರಚಿಸಿದವರು ಕೊಡದ ಹಕ್ಕನ್ನು ನಾವು ಹುಡುಕಿ ತರಲಾಗದು.

ಮೊದಲ ಬಿರುಕು ಮೂಡಿಸಿದವನು ಖರಕ್ ಸಿಂಗ್. ದರೋಡೆ ಪ್ರಕರಣವೊಂದರಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದರೂ ಉತ್ತರ ಪ್ರದೇಶದ ಪೊಲೀಸರು ಅವನ ಹೆಸರಲ್ಲಿ ಕಡತ ತೆರೆದಿದ್ದರು. ಇಂದಿನ ಮಾತಿನಲ್ಲಿ ರೌಡಿಶೀಟ್. ಅವನ ದೂರಿನ ಪ್ರಕಾರ, ಪೊಲೀಸರೂ ಚೌಕಿದಾರರೂ ರಾತ್ರಿ ಹೊತ್ತು ಬಂದು ಬಾಗಿಲು ಬಡಿದು, ಕೂಗಿ ಎಬ್ಬಿಸುತ್ತಿದ್ದರು. 1962ರಲ್ಲಿ ಕೋರ್ಟು ಈ ರಾತ್ರಿ ಭೇಟಿಯ ನಿಯಮವನ್ನು ರದ್ದುಪಡಿಸಿತು. ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದೂ ಬಹುಮತದ ತೀರ್ಪು ಹೇಳಿತು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಭಿನ್ನಮತ ಬರೆದರು. ಆ ಭಿನ್ನಮತ ಗೆಲ್ಲಲು 2017ರ ತನಕ ಕಾಯಬೇಕಾಯಿತು: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದರು.

ವಿಚಾರಣೆಯ ವಿಷಯದಲ್ಲಿ ಕೋರ್ಟು ಬೇಗ ಮುಂದೆ ಹೋಗಿತ್ತು. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರನ್ನು ಠಾಣೆಗೆ ಕರೆಸಿದ ಪ್ರಕರಣದಲ್ಲಿ, 1978ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಎರಡು ಮಾತು ಖಚಿತಪಡಿಸಿದರು: ಮಹಿಳೆಯನ್ನು ಠಾಣೆಗೆ ಕರೆಸಿದ್ದು ಕಾನೂನುಬಾಹಿರ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರುವ ಹಕ್ಕು ಪೊಲೀಸ್ ವಿಚಾರಣೆಯ ಹಂತದಲ್ಲೇ ಶುರುವಾಗುತ್ತದೆ. ಇಂದಿನ ದಂಡ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್ಎಸ್ಎಸ್‌ನ 179ನೇ ಕಲಮಿನ ಪ್ರಕಾರವೂ ಮಹಿಳೆಯರನ್ನು ಮತ್ತು 60 ವರ್ಷ ದಾಟಿದ ಪುರುಷರನ್ನು ಸಾಕ್ಷಿಯಾಗಿ ವಿಚಾರಿಸುವುದಿದ್ದರೆ ಪೊಲೀಸರೇ ಅವರ ಮನೆಗೆ ಹೋಗಬೇಕು.

2024ರ ಜುಲೈ 1ರಿಂದ ಜಾರಿಗೆ ಬಂದ ಈ ಕಾನೂನು ಶೋಧನೆಗೂ ಹೊಸ ಷರತ್ತು ಸೇರಿಸಿದೆ. ಇಬ್ಬರು ಪಂಚರ ಮುಂದೆ ಮಹಜರು ಬರೆಯುವುದು ಹಳೆಯ ಪದ್ಧತಿ. ಈಗ ಇಡೀ ಶೋಧನೆಯನ್ನು, ಮೊಬೈಲಿನಲ್ಲಾದರೂ ಸರಿ, ಚಿತ್ರೀಕರಿಸಿ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ವಾರಂಟ್ ಇಲ್ಲದೆ ಹುಡುಕಿದರೆ ಅದರ ಕಾರಣವನ್ನು ಮೊದಲೇ ಬರೆದಿಟ್ಟು, ಪ್ರತಿಯನ್ನು 48 ಗಂಟೆಯೊಳಗೆ ತಲುಪಿಸಬೇಕು.

ಇಷ್ಟೆಲ್ಲ ಆದರೂ 1973ರ ಪೂರಣ್ ಮಲ್ ತೀರ್ಪು ಹಾಗೇ ನಿಂತಿದೆ: ಶೋಧನೆ ಅಕ್ರಮವಾಗಿದ್ದರೂ ಸಿಕ್ಕ ಸಾಕ್ಷ್ಯ ಸಾಮಾನ್ಯವಾಗಿ ನಡೆಯುತ್ತದೆ. ನಿಯಮ ಮುರಿದವರಿಗೆ ಸಾಕ್ಷ್ಯ ಕಳೆದುಕೊಳ್ಳುವ ಭಯ ಇಲ್ಲದಿದ್ದರೆ ಪಂಚರ ಸಹಿಯೂ ವಿಡಿಯೊವೂ ಕಡತದ ಶಾಸ್ತ್ರಕ್ಕಷ್ಟೇ ಉಳಿಯುತ್ತವೆ. ಪುಟ್ಟಸ್ವಾಮಿ ತೀರ್ಪಿನ ಬೆಳಕಿನಲ್ಲಿ ಕೋರ್ಟು ಮರುಪರಿಶೀಲಿಸಬೇಕಾದ ಮುಂದಿನ ತೀರ್ಪು ಅದು.