ಹೆಲ್ಸಿಂಕಿ–ಟೋಕಿಯೊ: ದೂರ ಒಂದೇ, ಹಾದಿ ಬೇರೆ

ಭೂಗೋಳದ ಮಾದರಿಯ ಮೇಲೆ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊವರೆಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಸೈಬೀರಿಯದ ಮೇಲೆ ಹಾಯುತ್ತದೆ. ಗೋಳದ ಮೇಲ್ಮೈಯಲ್ಲಿ ಎರಡು ಬಿಂದುಗಳ ನಡುವಿನ ಕನಿಷ್ಠ ದೂರವೆಂದರೆ ಇಂಥ ಮಹಾವೃತ್ತದ ಕಂಸವೇ. ಹೆಲ್ಸಿಂಕಿ ಮತ್ತು ನರೀಟಾ ವಿಮಾನ ನಿಲ್ದಾಣಗಳ ನಡುವಿನ ಕಂಸ ಭೂಕೇಂದ್ರದಲ್ಲಿ ಸುಮಾರು 70.4 ಡಿಗ್ರಿ ಕೋನವನ್ನು ಉಂಟುಮಾಡುತ್ತದೆ. ಡಿಗ್ರಿಗೆ 111.2 ಕಿಮೀಯಂತೆ ದೂರ ಸುಮಾರು 7,800 ಕಿಮೀ. ಗಂಟೆಗೆ 850 ಕಿಮೀ ವೇಗದ ಜೆಟ್ ವಿಮಾನಕ್ಕೆ ಇದು ಒಂಬತ್ತು ಗಂಟೆಗೆ ತುಸು ಮೀರಿದ ಪಯಣ. ಆದರೆ ದಶಕಗಳ ಕಾಲ ಈ ನೇರ ಹಾದಿ ವಿಮಾನಗಳಿಗೆ ಸಿಗಲಿಲ್ಲ.

ಕಾರಣ ಶೀತಲ ಸಮರ. ಸೋವಿಯತ್ ಒಕ್ಕೂಟದ ಆಕಾಶ ಪಾಶ್ಚಾತ್ಯ ವಿಮಾನಗಳಿಗೆ ಮುಚ್ಚಿತ್ತು. ಯೂರೋಪಿನಿಂದ ಟೋಕಿಯೊಗೆ ದಕ್ಷಿಣ ಏಷ್ಯದ ಮೂಲಕ ಸುಮಾರು 50 ಗಂಟೆ ಹಿಡಿಯುತ್ತಿತ್ತು. 1957ರ ಫೆಬ್ರವರಿಯಲ್ಲಿ ಸ್ಕ್ಯಾಂಡಿನೇವಿಯನ್ ಏರ್‌ಲೈನ್ಸ್ ಸಂಸ್ಥೆ ಕೋಪನ್‌ಹೇಗನ್‌ನಿಂದ ಅಲಾಸ್ಕದ ಆಂಕರೇಜ್ ಮೂಲಕ ಟೋಕಿಯೊಗೆ ಧ್ರುವಮಾರ್ಗವನ್ನು ತೆರೆದಾಗ ಅದು ಸುಮಾರು 32 ಗಂಟೆಗೆ ಇಳಿಯಿತು. ಕಾಂತಧ್ರುವದ ಬಳಿ ಭೂಕಾಂತಕ್ಷೇತ್ರದ ಕ್ಷಿತಿಜೀಯ ಘಟಕ ತೀರ ದುರ್ಬಲ. ಅಲ್ಲಿ ದಿಕ್ಸೂಚಿಯನ್ನು ನಂಬುವಂತಿಲ್ಲ. ಆದ್ದರಿಂದ ಗೈರೋಸ್ಕೋಪು, ಚೌಕಳಿ ಎಳೆದ ನಕ್ಷೆ ಹಾಗೂ ಸೂರ್ಯ, ನಕ್ಷತ್ರಗಳ ವೀಕ್ಷಣೆಯನ್ನು ಆಶ್ರಯಿಸಿದರು.

1983ರ ಏಪ್ರಿಲ್‌ನಲ್ಲಿ ಫಿನ್‌ಏರ್ ಸಂಸ್ಥೆಯ ಡಿಸಿ-10 ವಿಮಾನ ಹೆಲ್ಸಿಂಕಿಯಿಂದ ಟೋಕಿಯೊಗೆ ಎಲ್ಲೂ ಇಳಿಯದೆ ಹಾರಿತು. ಉತ್ತರ ಧ್ರುವಕ್ಕೆ 29.7 ಡಿಗ್ರಿ, ಅಲ್ಲಿಂದ ಬೇರಿಂಗ್ ಜಲಸಂಧಿಗೆ 24 ಡಿಗ್ರಿ, ಮುಂದೆ ಟೋಕಿಯೊಗೆ 42 ಡಿಗ್ರಿ; ಕೂಡಿಸಿದರೆ ಸುಮಾರು 10,600 ಕಿಮೀ. ಕಮ್ಚಾಟ್ಕ ಪರ್ಯಾಯದ್ವೀಪವನ್ನು ಬಳಸಿ ಹೋಗಲು ಇನ್ನಷ್ಟು ದೂರ. ಹಾರಾಟದ ಕಾಲ ಸುಮಾರು 13 ಗಂಟೆ.

ಮುಚ್ಚಿದ ಆಕಾಶದ ಅಂಚಿನಲ್ಲಿ ಹಾರುವಾಗ ಸಣ್ಣ ತಪ್ಪೂ ಪ್ರಾಣಾಂತಕ. ದಿಕ್ಕಿನಲ್ಲಿ ಒಂದು ಡಿಗ್ರಿ ತಪ್ಪಿದರೆ ಪ್ರತಿ 100 ಕಿಮೀಗೆ 1.75 ಕಿಮೀ ಪಕ್ಕಕ್ಕೆ ಸರಿದಂತೆ. ಅದೇ 1983ರ ಸೆಪ್ಟೆಂಬರ್ 1ರಂದು ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯದ ವಿಮಾನ ದಾರಿ ತಪ್ಪಿ ಸೋವಿಯತ್ ಗಡಿಯೊಳಗೆ ನುಗ್ಗಿತು. ಸೋವಿಯತ್ ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಮಂದಿ ಸತ್ತರು. ಸ್ವಯಂಚಾಲಕವು ಪಥದರ್ಶಕ ಉಪಕರಣವನ್ನು ಅನುಸರಿಸದೆ ಒಂದೇ ಕಾಂತದಿಕ್ಕನ್ನು ಹಿಡಿದು ಸಾಗಿತ್ತೆಂದು 1993ರ ಅಂತರರಾಷ್ಟ್ರೀಯ ತನಿಖೆ ತಿಳಿಸಿತು. ದುರಂತದ ಕೆಲವೇ ದಿನಗಳಲ್ಲಿ ಅಮೆರಿಕ ತನ್ನ ಜಿಪಿಎಸ್ ಸೇವೆಯನ್ನು ನಾಗರಿಕ ವಿಮಾನಗಳಿಗೂ ಒದಗಿಸುವುದಾಗಿ ಘೋಷಿಸಿತು.

ಶೀತಲ ಸಮರ ಮುಗಿದ ಮೇಲೆ ಸೈಬೀರಿಯದ ಹಾದಿ ತೆರೆಯಿತು. ಪಯಣ ಒಂಬತ್ತೂವರೆ ಗಂಟೆಗೆ ಇಳಿಯಿತು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಆರಂಭವಾದಾಗ ರಷ್ಯ ತನ್ನ ಆಕಾಶವನ್ನು ಐರೋಪ್ಯ ವಿಮಾನಗಳಿಗೆ ಮುಚ್ಚಿತು. ಫಿನ್‌ಏರ್ ಮತ್ತೆ ಧ್ರುವದ ಕಡೆಯಿಂದಲೋ ದಕ್ಷಿಣದಿಂದಲೋ ಬಳಸಿ ಹಾರತೊಡಗಿತು. ಹಿಂದಿನಂತೆಯೇ ಸುಮಾರು 13 ಗಂಟೆ. ಪ್ರತಿ ಪಯಣಕ್ಕೂ ಮೂರೂವರೆ ಗಂಟೆಯಷ್ಟು ಹೆಚ್ಚಿನ ಇಂಧನ ಉರಿಯಬೇಕಾಯಿತು.

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆ, ನಿಜ. ಆದರೆ ಆ ದೂರ ದಾರದ ಉದ್ದವಲ್ಲ, ವಿಮಾನ ಹಾರಿದ ಪಥದ ಉದ್ದ. ದಾರದ ಉದ್ದವನ್ನು ರೇಖಾಗಣಿತ ಹೇಳುತ್ತದೆ. ಪಥದ ಉದ್ದವನ್ನು ಹೇಳಲು ಇತಿಹಾಸವೂ ಬೇಕು.